ಫ್ಯಾನ್ ನಿಂತ ಪ್ರಕರಣ: ಒಂದು ಪ್ರಮಾಣಮೀಮಾಂಸೆ

ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತ ಕಾರಿನ ಬಾನೆಟ್ ಸಂದಿಯಿಂದ ಬೆಳ್ಳಗೆ ಏನೋ ಏಳುತ್ತಿದೆ. ನೋಡಿದವನು ತಾರ್ಕಿಕನಾದರೆ, ಹೊಗೆಯಿದ್ದಲ್ಲಿ ಬೆಂಕಿ ಎಂದು ಅನುಮಾನಿಸಿ, ಬಾಗಿಲು ತೆಗೆದು ಓಡುತ್ತಾನೆ. ಆದರೆ ಆವಿಯನ್ನು ಹೊಗೆಯೆಂದು ಭ್ರಮಿಸಿದವನ ಅನುಮಾನ ಕೆಲಸಕ್ಕೆ ಬಾರದ್ದೆಂದು ನಮ್ಮ ನೈಯಾಯಿಕರು ಎಷ್ಟೋ ಶತಮಾನಗಳ ಹಿಂದೆಯೇ ಎಚ್ಚರಿಸಿದ್ದಾರೆ. ರೇಡಿಯೇಟರೇ ಇಲ್ಲದ ಕಾಲದಲ್ಲಿ ಈ ಉದಾಹರಣೆ ಹೊಳೆದದ್ದು ಅವರ ದೂರದೃಷ್ಟಿಗೆ ಸಾಕ್ಷಿ. ಏಳುತ್ತಿರುವುದು ಕೂಲೆಂಟಿನ ಆವಿ. ಸಾಧಿಸಬೇಕಾದದ್ದು ಬೆಂಕಿ ಇದೆಯೆಂದಲ್ಲ, ಫ್ಯಾನ್ ತಿರುಗುತ್ತಿಲ್ಲವೆಂದು.

ಪ್ರಾಚೀನರಿಗೆ ಈ ಶಾಸ್ತ್ರ ಬೇಕಿರಲಿಲ್ಲ. ಅಂಬಾಸಿಡರ್ ಯುಗದಲ್ಲಿ ಎಂಜಿನ್ನೇ ಬೆಲ್ಟ್ ಹಾಕಿಕೊಂಡು ಫ್ಯಾನನ್ನು ತಿರುಗಿಸುತ್ತಿತ್ತು. ಬೆಲ್ಟ್ ಹರಿದರೆ ಫ್ಯಾನು, ನೀರಿನ ಪಂಪು, ಡೈನಮೋ ಮೂರೂ ಒಟ್ಟಿಗೇ ಮುಷ್ಕರ ಹೂಡುತ್ತಿದ್ದವು. ಸಂಶಯಕ್ಕೇ ಎಡೆಯಿಲ್ಲದಲ್ಲಿ ಪಂಡಿತನಿಗೇನು ಕೆಲಸ? 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಎಂಜಿನ್ ಅಡ್ಡ ಮಲಗಿತು, ಬೆಲ್ಟಿನ ತುದಿ ಪಕ್ಕದ ಚಕ್ರದ ಕಡೆಗೆ ಮುಖ ಮಾಡಿತು. ರೇಡಿಯೇಟರ್ ಮಾತ್ರ ಎದುರುಗಾಳಿಗೇ ಮುಖವೊಡ್ಡಬೇಕಲ್ಲ. ಹೀಗಾಗಿ ಇಂಥ ಕಾರುಗಳಲ್ಲಿ ಫ್ಯಾನಿಗೆ ಸ್ವಂತ ಮೋಟರು ಬಂತು. ಅದರ ಬೆನ್ನಿಗೇ ಫ್ಯೂಸು, ರಿಲೇ, ಸೆನ್ಸರು, ಕಾಲಾಂತರದಲ್ಲಿ ಇಸಿಯು ಎಂಬ ಕಂಪ್ಯೂಟರು, ಇವನ್ನೆಲ್ಲ ಕಟ್ಟಿಹಾಕುವ ವೈರು. ಒಟ್ಟು ಆರು ಆರೋಪಿಗಳು. ದರ್ಶನಗಳೂ ಆರೇ ಎಂಬುದು ಕಾಕತಾಳೀಯವಿರಲಾರದು. ವೈರು ಕಡಿಯುವ ಇಲಿಯನ್ನು ನಾಸ್ತಿಕ ದರ್ಶನದಲ್ಲಿ ಸೇರಿಸುವುದು ರೂಢಿ.

ಮೊದಲು ವ್ಯಾಪ್ತಿ ನಿರ್ಣಯ. ಸಿಗ್ನಲ್ಲಿನಲ್ಲಿ ನಿಂತಾಗ ಟೆಂಪರೇಚರ್ ಮುಳ್ಳು ಏರಿ, ತುಮಕೂರು ರಸ್ತೆಗೆ ಬಿದ್ದು ಗಾಡಿ ಓಡತೊಡಗಿದೊಡನೆ ಇಳಿದರೆ ಸಂಶಯ ಫ್ಯಾನಿನ ಮೇಲೆ. ಓಡುವ ಕಾರಿಗೆ ಎದುರುಗಾಳಿಯೇ ಫ್ಯಾನು, ನಿಂತ ಕಾರಿಗೆ ಫ್ಯಾನೇ ಗಾಳಿ. ಹೈವೇಯಲ್ಲೂ ಮುಳ್ಳು ಏರಿದರೆ ಫ್ಯಾನನ್ನು ಬಿಟ್ಟು ಥರ್ಮೋಸ್ಟಾಟು, ಕಟ್ಟಿಕೊಂಡ ರೇಡಿಯೇಟರು, ವಾಟರ್ ಪಂಪುಗಳನ್ನು ವಿಚಾರಿಸಬೇಕು. ಥರ್ಮೋಸ್ಟಾಟ್ ತೆರೆಯುವುದು 80ರಿಂದ 90 ಡಿಗ್ರಿಯ ನಡುವೆ, ಫ್ಯಾನ್ ಹೊರಡುವುದು ಸಾಮಾನ್ಯವಾಗಿ 95ರ ಆಸುಪಾಸಿನಲ್ಲಿ. ಈ ಅಂತರದಲ್ಲೇ ನಮ್ಮ ಶಾಸ್ತ್ರದ ಸಮಸ್ತ ವಾದಗಳೂ ವಾಸವಾಗಿವೆ.

ಪ್ರತ್ಯಕ್ಷ ಪ್ರಮಾಣ ಎಲ್ಲರಿಗಿಂತ ಮೊದಲು ಒದಗುವುದು ಯಜಮಾನನಿಗಲ್ಲ, ಪಕ್ಕದ ಸೀಟಿನವರಿಗೆ. ಏಸಿಯ ಕಂಡೆನ್ಸರ್ ರೇಡಿಯೇಟರಿನ ಮುಂದೆಯೇ ಕೂತು ಅದೇ ಗಾಳಿಯಲ್ಲಿ ಪಾಲು ಕೇಳುತ್ತದಾದ್ದರಿಂದ, ಫ್ಯಾನ್ ನಿಂತರೆ ಮುಳ್ಳು ಏರುವ ಮೊದಲೇ ಏಸಿ ಸಪ್ಪಗಾಗುತ್ತದೆ. "ಏಸಿ ಬಿಸಿಗಾಳಿ ಬಿಡ್ತಿದೆಯಲ್ರೀ" ಎಂಬ ಹೆಂಡತಿಯ ವಾಕ್ಯದಲ್ಲಿ ರೋಗನಿದಾನ ಮುಕ್ಕಾಲು ಮುಗಿದಿದೆ. "ಕಿಟಕಿ ಸರಿಯಾಗಿ ಏರಿಸು" ಎಂಬ ಗಂಡನ ಉತ್ತರವನ್ನು ಪೂರ್ವಪಕ್ಷವೆಂದು ಪರಿಗಣಿಸತಕ್ಕದ್ದು.

ಆಪ್ತವಾಕ್ಯದ ವಿಷಯದಲ್ಲಿ ಎಚ್ಚರ ಬೇಕು. ಕೆಟ್ಟು ನಿಂತ ಕಾರಿನ ಸುತ್ತ ಆಪ್ತರಿಗೆ ಬರವಿಲ್ಲ. ಥರ್ಮೋಸ್ಟಾಟನ್ನೇ ಕಿತ್ತೆಸೆಯಿರಿ ಎಂಬ ಸಂಪ್ರದಾಯದವರ ಮಾತು ಕೇಳಿದರೆ ಎಂಜಿನ್ ಸರಿಯಾಗಿ ಕಾಯದೆ ಪೆಟ್ರೋಲು ಕುಡಿಯುತ್ತದೆ. ರೇಡಿಯೇಟರಿನ ಮುಚ್ಚಳ ತೆಗೆದು ನೀರು ಸುರಿಯಿರಿ ಎನ್ನುವವರು ಇನ್ನೂ ಅಪಾಯಕಾರಿಗಳು. ಮುಚ್ಚಳದ ಕೆಳಗೆ ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಕಾದಿರುತ್ತದೆ. ಮುಚ್ಚಳ ತಿರುವಿದ ಕ್ಷಣ ಕುದಿದು ಮುಖಕ್ಕೇ ಹಾರುತ್ತದೆ. ಇಂಥ ಪ್ರತ್ಯಕ್ಷವನ್ನು ಯಾವ ದರ್ಶನವೂ ಬಯಸಿಲ್ಲ. ಹೀಟರನ್ನು ಪೂರ್ತಿ ಹಾಕಿ, ಗಾಡಿಯನ್ನು ಪಕ್ಕಕ್ಕೆ ತನ್ನಿ ಎನ್ನುವವನೊಬ್ಬನೇ ಆಪ್ತ. ಮೇ ತಿಂಗಳ ಮಧ್ಯಾಹ್ನ ಅವನ ಮಾತು ನಂಬಲು ಅಪಾರ ಶ್ರದ್ಧೆ ಬೇಕು.

ಸಿದ್ಧಾಂತಪಕ್ಷ ಗ್ಯಾರೇಜಿನ ಹುಡುಗನದು. ಎಂಜಿನ್ ಸ್ಟಾರ್ಟ್ ಮಾಡಿಸಿ ಅವನು ಮೊದಲು ಏಸಿ ಹಾಕಿಸುತ್ತಾನೆ. ಹೆಚ್ಚಿನ ಕಾರುಗಳಲ್ಲಿ ಎಂಜಿನ್ ತಣ್ಣಗಿದ್ದರೂ ಆಗ ಫ್ಯಾನ್ ತಿರುಗಬೇಕು. ತಿರುಗಿತೋ, ಮೋಟರಿಗೆ ಜಾಮೀನು, ಸೆನ್ಸರಿಗೆ ಸಮನ್ಸು. ತಿರುಗದಿದ್ದರೆ ಫ್ಯೂಸ್ ಕಿತ್ತು ಬೆಳಕಿಗೆ ಹಿಡಿಯುತ್ತಾನೆ. ಹೊಸ ಫ್ಯೂಸೂ ಸುಟ್ಟರೆ ಮೋಟರು ಬಿಗಿದುಕೊಂಡು ಹೆಚ್ಚು ಕರೆಂಟು ಎಳೆಯುತ್ತಿದೆ, ಇಲ್ಲವೇ ವೈರು ಎಲ್ಲೋ ಬಾಡಿಗೆ ತಾಗಿದೆ. ಫ್ಯೂಸಿನ ಜಾಗಕ್ಕೆ ತಾಮ್ರದ ತಂತಿ ಸುತ್ತುವ ಚಾರ್ವಾಕರೂ ಉಂಟು. ಅವರ ಕಾರುಗಳಲ್ಲಿ ಮಾತ್ರ ಹೊಗೆಯಿದ್ದಲ್ಲಿ ಬೆಂಕಿ ಎಂಬ ಅನುಮಾನ ನಿರ್ದುಷ್ಟವಾಗಿ ಅನ್ವಯಿಸುತ್ತದೆ.

ಮುಂದಿನದು ಅನ್ವಯ ವ್ಯತಿರೇಕ. ಎಷ್ಟೋ ಕಾರುಗಳಲ್ಲಿ ಹಾರ್ನಿನ ರಿಲೇ, ಫ್ಯಾನಿನ ರಿಲೇ ಅವಳಿಜವಳಿ. ಒಂದನ್ನು ಕಿತ್ತು ಇನ್ನೊಂದರ ಜಾಗದಲ್ಲಿ ಕೂರಿಸಿದಾಗ ಫ್ಯಾನ್ ತಿರುಗಿ ಹಾರ್ನ್ ಮೂಕವಾದರೆ ಅಪರಾಧಿ ಸಿಕ್ಕಂತೆ. ಹೊಸ ರಿಲೇ ಬರುವ ತನಕ ಹೀಗೇ ಓಡಿಸಬಹುದೆಂದು ಹೇಳಿದರೆ ಬೆಂಗಳೂರಿನ ಯಜಮಾನ ಕಂಗಾಲಾಗುತ್ತಾನೆ. ಎಂಜಿನ್ ಕುದಿದರೂ ಚಿಂತೆಯಿಲ್ಲ, ಹಾರ್ನ್ ಬೇಕು.

ಅತ್ಯಂತ ಸೂಕ್ಷ್ಮವಾದದ್ದು ಅನುಪಲಬ್ಧಿ. ಇಲ್ಲದಿರುವುದೂ ಜ್ಞಾನಕ್ಕೆ ದಾರಿ ಎಂದು ಕುಮಾರಿಲ ಭಟ್ಟರ ಪಂಥದವರು ಪಟ್ಟುಹಿಡಿದಾಗ ಉಳಿದವರಲ್ಲಿ ಹಲವರು ಒಪ್ಪಿರಲಿಲ್ಲ. ಹುಡುಗ ಒಪ್ಪುತ್ತಾನೆ. ಎಂಜಿನ್ ಓಡುತ್ತಿರುವಾಗ ಟೆಂಪರೇಚರ್ ಸೆನ್ಸರಿನ ಸಾಕೆಟ್ ಕೀಳುತ್ತಾನೆ. ಸುದ್ದಿಯೇ ಬಾರದ್ದರಿಂದ ಇಸಿಯು ಗಾಬರಿಬಿದ್ದು, ಎಷ್ಟೋ ಕಾರುಗಳಲ್ಲಿ, ಯಾವುದಕ್ಕೂ ಇರಲಿ ಎಂದು ಫ್ಯಾನನ್ನು ಹೊರಡಿಸುತ್ತದೆ. ಒಂದೇ ಏಟಿಗೆ ಮೋಟರು, ಫ್ಯೂಸು, ರಿಲೇ ಮೂರೂ ಖುಲಾಸೆ. ಕೀ ತೆಗೆದ ಮೇಲೂ ಕೆಲವು ಕಾರುಗಳಲ್ಲಿ ಫ್ಯಾನ್ ಸ್ವಲ್ಪ ಹೊತ್ತು ತಿರುಗುವುದನ್ನು ಇದರ ಜೊತೆ ಬೆರೆಸಬಾರದು. ಅದು ರೋಗವಲ್ಲ. ದೇಹ ಬಿಟ್ಟ ಮೇಲೂ ಕರ್ಮಶೇಷ ಉಳಿಯುವ ಬಗೆ. ಆದರೂ ಪಕ್ಕದ ಮನೆಯವರು ಬಂದು ಬೆಲ್ ಒತ್ತಿ "ನಿಮ್ ಕಾರ್ ಆಫೇ ಆಗಿಲ್ಲ" ಎನ್ನುವುದು ತಪ್ಪುವುದಿಲ್ಲ.

ಎಲ್ಲ ಪ್ರಮಾಣಗಳೂ ಸೋತಲ್ಲಿ ದಂಡಪ್ರಯೋಗ. ಮಡಕೆಗೆ ದಂಡ ನಿಮಿತ್ತಕಾರಣ ಎಂದು ಬಾಯಿಪಾಠ ಮಾಡಿದವರು ಇಲ್ಲಿ ಗಮನಿಸಬೇಕು. ಏಸಿ ಹಾಕಿರುವಂತೆಯೇ, ಬ್ಲೇಡಿಗೆ ಬೆರಳು ಸೋಕದಂತೆ ಕೈ ತೂರಿಸಿ, ಹುಡುಗ ಮೋಟರಿನ ಬೆನ್ನಿಗೆ ಸ್ಪ್ಯಾನರಿನಿಂದ ಎರಡು ತಟ್ಟುತ್ತಾನೆ. ಒಳಗೆ ಸವೆದ ಕಾರ್ಬನ್ ಬ್ರಷ್ ಆ ಅದುರಿಗೆ ಜರುಗಿ ಅಂಟಿಕೊಂಡು, ಫ್ಯಾನ್ ಗುಂಯ್ ಎಂದು ತಿರುಗುತ್ತದೆ.

"ಬ್ರಷ್ ಹೋಗಿದೆ ಸಾರ್. ಮೋಟರ್ ಚೇಂಜ್ ಮಾಡ್ಸಿ, ಜೆ.ಸಿ. ರೋಡಲ್ಲಿ ಸಿಗತ್ತೆ."

"ತಿರುಗ್ತಿದೆಯಲ್ಲಪ್ಪ ಈಗ?"

"ಈಗ ತಿರುಗತ್ತೆ ಸಾರ್. ನಾಳೆ ಮತ್ತೆ ನಿಲ್ಲತ್ತೆ."

ಇಲ್ಲಿ ಯಜಮಾನ ಏಕಾಏಕಿ ಬೌದ್ಧರ ಕ್ಷಣಿಕವಾದಕ್ಕೆ ಜಾರುತ್ತಾನೆ. ಈ ಕ್ಷಣದ ಫ್ಯಾನ್ ಬೇರೆ, ನಾಳೆ ನಿಲ್ಲಲಿರುವ ಫ್ಯಾನ್ ಬೇರೆ. ತಿರುಗುತ್ತಿರುವುದಕ್ಕೆ ದುಡ್ಡು ಸುರಿಯುವುದು ಯಾವ ನ್ಯಾಯ? ಹುಡುಗ ವಾದಕ್ಕಿಳಿಯದೆ ಕೈ ಒರೆಸಿಕೊಳ್ಳುತ್ತಾನೆ. ಯಜಮಾನ ಬಾನೆಟ್ ಮುಚ್ಚಿ, ಹಣ ಕೊಟ್ಟು, ನಾಲ್ಕು ಹೆಜ್ಜೆ ಹೋದವನು ವಾಪಸ್ ಬಂದು ಕೇಳುತ್ತಾನೆ: "ಆ ಸ್ಪ್ಯಾನರ್ ಎಷ್ಟಕ್ಕೆ ಕೊಡ್ತೀಯಪ್ಪ?"