ದೊಡ್ಡ ಹುಡುಗನ ಬಳಕೆ ಕೈಪಿಡಿ

(14 ವರ್ಷದೊಳಗಿನವರ ತಂಡ ಕಟ್ಟುವ ಪಿ.ಟಿ. ಮೇಷ್ಟ್ರುಗಳಿಗೆ)

ಆಯ್ಕೆ: ಚೆಂಡು, ಅಂಕಣ ಯಾವುದೂ ಬೇಡ, ಬೆಳಗಿನ ಪ್ರಾರ್ಥನೆಯ ಸಾಲು ಸಾಕು. ಎತ್ತರದ ಪ್ರಕಾರ ನಿಂತ ಸಾಲಿನ ಹಿಂದಿನ ತುದಿಗೆ ಹೋಗಿ ಏಳು ಭುಜ ತಟ್ಟಿ. ಕಬಡ್ಡಿ ತಂಡ ರೆಡಿ. ವಾಲಿಬಾಲಿಗೂ ಗುಂಡು ಎಸೆತಕ್ಕೂ ಅವರೇ ಆಗುತ್ತಾರೆ. ಮುಂದಿನ ತುದಿಯವರಿಗೆ ನೀರಿನ ಕ್ಯಾನು, ಟವೆಲ್ಲು, ಸುಣ್ಣದ ಡಬ್ಬಿ ಕೊಡಿ. (ಈ ಕೈಪಿಡಿ ಬರೆದವನು ಮೂರು ವರ್ಷ ಸುಣ್ಣದ ಡಬ್ಬಿ ಹಿಡಿದವನು. ಗೆರೆ ಇಂದಿಗೂ ನೇರವಾಗಿ ಎಳೆಯುತ್ತಾನೆ.)

ವಯಸ್ಸಿನ ದಾಖಲೆ: ಹಿಂದೆ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಕಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ಒಂದನೇ ಕ್ಲಾಸು, ಹುಟ್ಟಿದ ದಿನ ಜೂನ್ 1. ಈಗ 16ರೊಳಗಿನ ಕ್ರಿಕೆಟಿಗೆ ಬಿಸಿಸಿಐ ಎಡ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ, ಟಿಡಬ್ಲ್ಯು3 ಎಂಬ ಲೆಕ್ಕದಲ್ಲಿ ಮೂಳೆಯ ವಯಸ್ಸು ಹೇಳುತ್ತದೆ. ಕಿವಿಯಿಂದ ಮಣಿಕಟ್ಟಿಗೆ ಬಂದೆವು, ಕೈ ಮಾತ್ರ ಬಿಡಲಿಲ್ಲ. ತೊಡಕೆಂದರೆ, ಮೂಳೆಗೆ ಪಂಚಾಂಗ ಗೊತ್ತಿಲ್ಲ. ಹುಡುಗರು ಸುಮಾರು 14ಕ್ಕೆ, ಹುಡುಗಿಯರು 12ರ ಆಸುಪಾಸಿನಲ್ಲಿ ಸರ್ರನೆ ಬೆಳೆಯುತ್ತಾರೆ. ಕೆಲವರಿಗೆ ಅದು ವರ್ಷ ಎರಡು ವರ್ಷ ಮೊದಲೇ ಬರುತ್ತದೆ, ಕೆಲವರಿಗೆ ತಡವಾಗಿ. ಹಾಗಾಗಿ ಸುಳ್ಳು ಹೇಳದ ಹುಡುಗನ ಮೂಳೆಯೂ ಅವನ ಮೇಲೆ ಸಾಕ್ಷಿ ಹೇಳಬಹುದು.

ಪಂದ್ಯದ ಬೆಳಿಗ್ಗೆ: ಮೇಲ್ತುಟಿ ನುಣ್ಣಗಿರಲಿ. ಬ್ಲೇಡಿನ ಗೀರಿಗೆ ಪೌಡರು ಹಚ್ಚಿ, ಆದರೆ ಹಿತಮಿತವಾಗಿ. ಎದುರು ಶಾಲೆಯ ಮೇಷ್ಟ್ರೂ ಅದೇ ಡಬ್ಬಿ ಹಿಡಿದು ಬಂದಿರುತ್ತಾರೆ.

ಚಾಲನೆ: ‘ನುಗ್ಗೋ!’ ಎಂಬ ಒಂದೇ ಮಾತು ಸಾಕು. ಪಾದದ ಚಲನೆ, ಹಿಡಿಯುವವರ ಕೈಸರಪಳಿಯ ಅಡಿಯಿಂದ ಜಾರುವುದು ಇವನ್ನೆಲ್ಲ ಕಲಿಸಿ ಸಮಯ ಹಾಳು ಮಾಡಬೇಡಿ. ಅವು ಗೆರೆಯ ಹೊರಗೆ ನಿಂತ ಪುಟ್ಟ ಹುಡುಗರು ಹೊಟ್ಟೆಪಾಡಿಗೆ ಕಲಿಯುವ ವಿದ್ಯೆ.

ದೋಷ ಮತ್ತು ಪರಿಹಾರ: ಮಂಡಿಚಿಪ್ಪಿನ ಕೆಳಗೆ ನೋವು ಎಂದರೆ ಬಾಮ್ ಹಚ್ಚಿ ಅಂಕಣಕ್ಕೆ ಇಳಿಸಿ. ಬೆಳೆಯುವ ಮೂಳೆಯನ್ನು ತೊಡೆಯ ಸ್ನಾಯು ಎಳೆದೆಳೆದು ಬರುವ ನೋವು ಅದು, ವಿಶ್ರಾಂತಿ ಬೇಕು ಎಂದು ಡಾಕ್ಟರು ಹೇಳಿಯಾರು; ತಾಲೂಕು ಮಟ್ಟ ಮುಗಿಯುವವರೆಗೆ ಡಾಕ್ಟರ ಹತ್ತಿರ ಹೋಗಬೇಡಿ. ಇನ್ನೊಂದು ದೋಷ ಹತ್ತನೇ ಕ್ಲಾಸಿನಲ್ಲಿ ಕಾಣಿಸುತ್ತದೆ. ಹುಡುಗ ಕುಗ್ಗಿದ ಹಾಗಿರುತ್ತಾನೆ. ಕುಗ್ಗಿಲ್ಲ, ಉಳಿದವರು ಬೆಳೆದಿದ್ದಾರೆ. ನುಗ್ಗುತ್ತಾನೆ, ಮೊದಲ ಸಲ ಯಾರೂ ಅಲುಗುವುದಿಲ್ಲ. ತಿರುಗಿ ನಿಮ್ಮ ಮುಖ ನೋಡುತ್ತಾನೆ. ಆಗ ಸ್ಕೋರ್ ಶೀಟು ನೋಡುತ್ತಿರಿ.

ಬೇರೆ ಮಾದರಿಗಳು: ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಅಕಾಡೆಮಿಗಳಲ್ಲಿ, ಹುಡುಗ ತನ್ನ ಅಂದಾಜು ಪೂರ್ಣ ಎತ್ತರದಲ್ಲಿ ಶೇಕಡಾ ಎಷ್ಟು ಮುಟ್ಟಿದ್ದಾನೆ ಎಂದು ಲೆಕ್ಕ ಹಾಕಿ, ಆ ಪ್ರಕಾರ ಗುಂಪು ಮಾಡಿ ಆಡಿಸಿ ನೋಡಿದ್ದಾರೆ. ನಮ್ಮ ಕರಾವಳಿಯಲ್ಲಿ 60 ಕೆ.ಜಿ. ಒಳಗಿನವರ ಕಬಡ್ಡಿ ಪಂದ್ಯಾಟಗಳಿವೆ. ತಕ್ಕಡಿ ಜಾತಕ ಕೇಳುವುದಿಲ್ಲ. ರಾತ್ರಿಯ ಗಂಜಿ ಬಿಟ್ಟು ಬಂದವನನ್ನೂ ಒಳಗೆ ಬಿಡುತ್ತದೆ. ಇವೆರಡೂ ನಮ್ಮ ಪ್ರಾರ್ಥನೆ ಸಾಲಿನಷ್ಟು ಸುಲಭವಲ್ಲ.

ಎಚ್ಚರಿಕೆ: ವಯಸ್ಸು ಮರೆಮಾಚಿ ತಂಡ ಸೇರಿದವನು ಪ್ರಾಮಾಣಿಕ ಹುಡುಗನ ಜಾಗ ಕಿತ್ತುಕೊಂಡರೆ ಆ ಹುಡುಗ ಆಟವನ್ನೇ ಬಿಟ್ಟು ಹೋಗಬಹುದು ಎಂದು ರಾಹುಲ್ ದ್ರಾವಿಡ್ 2015ರ ಪಟೌಡಿ ಉಪನ್ಯಾಸದಲ್ಲಿ ಎಚ್ಚರಿಸಿದ್ದರು. ವಯಸ್ಸು ಮರೆಮಾಚದೆಯೂ, ಬರೀ ಸಾಲಿನ ಹಿಂದಿನ ತುದಿಯಿಂದಲೂ ಇದೇ ಕೆಲಸ ಮಾಡಬಹುದು ಎಂಬುದು ನಮ್ಮ ಸೇರ್ಪಡೆ.

ಬದಲಿ ಬಿಡಿಭಾಗ: ಬೇಸಿಗೆ ರಜೆ ಮುಗಿದ ಮೇಲೆ ಸಾಲು ಮತ್ತೆ ನಿಲ್ಲಿಸಿ. ಸುಣ್ಣದ ಡಬ್ಬಿಯ ಹುಡುಗ ಹಿಂದಿನ ತುದಿಗೆ ಬಂದಿರಬಹುದು, ದನಿ ಒಡೆದಿರಬಹುದು. ಭುಜ ತಟ್ಟಿ ಕರೆಯಿರಿ.

‘ಬೇಡ ಸಾರ್, ಸಂಜೆ ಟ್ಯೂಷನ್ ಇದೆ,’ ಎನ್ನುತ್ತಾನೆ.