ಕೆಂಚಿಯನ್ನು ಬಿಟ್ಟುಬಿಡು ಎಂದ ಹಿತೈಷಿಗಳಿಗೆ

ಪ್ರಿಯ ಹಿತೈಷಿಗಳೇ,

ಈ ಪತ್ರವನ್ನು ನಿಮಗೆಲ್ಲ ಬೇರೆ ಬೇರೆಯಾಗಿ ಬರೆಯಬಹುದಿತ್ತು. ಚಿಕ್ಕಮ್ಮನಿಗೆ ಒಂದು, ಬಾಡಿಗೆ ಮನೆ ತೋರಿಸಿದ ಬ್ರೋಕರ್‌ಗೆ ಒಂದು, ಹಳೆಯ ಅಪಾರ್ಟ್‌ಮೆಂಟಿನ ಸಂಘದವರಿಗೆ ಒಂದು, ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಗೆಳತಿಗೆ ಒಂದು. ಆದರೆ ನೀವೆಲ್ಲ ಹೇಳಿದ್ದು ಒಂದೇ ಮಾತು: ಡಿವೋರ್ಸ್ ಆಯಿತು, ಇನ್ನು ನಿನ್ನ ಬದುಕು ನೋಡಿಕೋ, ಆ ನಾಯಿಯನ್ನು ಎಲ್ಲಾದರೂ ಬಿಟ್ಟುಬಿಡು. ನನ್ನ ಮೇಲಿನ ಅಕ್ಕರೆಯಿಂದಲೇ ಹೇಳಿದಿರಿ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಉತ್ತರ ಎಲ್ಲರ ಎದುರಿಗೇ ಇರಲಿ ಎನಿಸಿತು. ಈ ಊರಿನಲ್ಲಿ ಈ ಮಾತು ಕೇಳಿಸಿಕೊಂಡವಳು ನಾನೊಬ್ಬಳೇ ಅಲ್ಲ.

ಎಲ್ಲಿ ಬಿಡಬೇಕೆಂದು ಕೇಳಿದಾಗ ಒಬ್ಬರು ಕನಕಪುರದ ಕಡೆ ಯಾರದಾದರೂ ತೋಟಕ್ಕೆ ಎಂದಿರಿ. ಇನ್ನೊಬ್ಬರು, ಮಾರ್ಕೆಟ್ ಹತ್ತಿರ ಬಿಟ್ಟರೆ ಮಾಂಸದಂಗಡಿಯವರು ಏನಾದರೂ ಹಾಕುತ್ತಾರೆ ಎಂದಿರಿ. ಬೀದಿಯಲ್ಲಿ ಹುಟ್ಟಿ ಬೆಳೆದ ನಾಯಿಗೆ ತನ್ನದೊಂದು ಬೀದಿ ಇರುತ್ತದೆ. ಯಾವ ಮನೆಯ ಅಜ್ಜಿ ಬೆಳಿಗ್ಗೆ ಬಿಸ್ಕತ್ತು ಹಾಕುತ್ತಾರೆ, ಯಾವ ತಿರುವಿನಲ್ಲಿ ಬಸ್ಸು ಜೋರಾಗಿ ನುಗ್ಗುತ್ತದೆ, ಮಳೆ ಬಂದರೆ ಯಾವ ಜಗಲಿಯ ಮೇಲೆ ಮಲಗಬಹುದು, ಎಲ್ಲ ಅದಕ್ಕೆ ಗೊತ್ತು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳೂ ಬೀದಿನಾಯಿಯನ್ನು ಹಿಡಿದು, ಸಂತಾನಹರಣ ಮಾಡಿಸಿ, ರೇಬೀಸ್ ಲಸಿಕೆ ಹಾಕಿದ ಮೇಲೆ ಹಿಡಿದ ಜಾಗದಲ್ಲೇ ಬಿಡಬೇಕು ಎನ್ನುತ್ತವೆ. ಮರಿಯಿಂದಲೇ ಮನೆಯೊಳಗೆ ಬೆಳೆದ ಕೆಂಚಿಗೆ ಅಂಥ ಬೀದಿ ಎಲ್ಲಿದೆ? ಮಾರ್ಕೆಟ್‌ನಲ್ಲಿ ಇಳಿಸಿದ ಗಳಿಗೆಯಲ್ಲೇ ಅಲ್ಲಿನ ನಾಯಿಗಳು ಮೇಲೆ ಬೀಳುತ್ತವೆ. ತಪ್ಪಿಸಿಕೊಂಡು ಓಡಿದರೆ ಮುಂದೆ ರಸ್ತೆ, ವಾಹನಗಳು. ಹಸಿವಾದಾಗ ಏನು ಮಾಡಬೇಕು ಎಂಬುದೂ ಅವಳಿಗೆ ತಿಳಿಯದು. ತಟ್ಟೆಯ ಮುಂದೆ ಕೂತು ಕಾಯುವುದೊಂದೇ ಅವಳಿಗೆ ಗೊತ್ತು.

ಸಾಕಿದ ಪ್ರಾಣಿಯನ್ನು ಸರಿಯಾದ ಕಾರಣವಿಲ್ಲದೆ ಹಸಿವು, ಬಾಯಾರಿಕೆಯಲ್ಲಿ ನರಳುವಂತೆ ತೊರೆಯುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ. ಮೊದಲ ಸಲ ಮಾಡಿದವರಿಗೆ ಆ ಕಾಯ್ದೆ ಬರೆದ ದಂಡ 10ರಿಂದ 50 ರೂಪಾಯಿ. ಹಬ್ಬದ ದಿನ ಗಾಂಧಿಬಜಾರಿನಲ್ಲಿ ಒಂದು ಮೊಳ ಮಲ್ಲಿಗೆಗೇ ಅದಕ್ಕಿಂತ ಹೆಚ್ಚು ಕೇಳುತ್ತಾರೆ. ಕಾನೂನು ಇಷ್ಟು ಅಗ್ಗವಾಗಿ ನೋಡಿದ್ದನ್ನು ನಾವೂ ಅಗ್ಗವಾಗಿ ನೋಡಿದ್ದೇವೆ ಎಂಬುದು ನನ್ನ ಸಂಕಟ.

ನಮ್ಮದು ಒಪ್ಪಿಗೆಯ ವಿಚ್ಛೇದನ. 1955ರ ಹಿಂದೂ ವಿವಾಹ ಕಾಯ್ದೆಯ 13-ಬಿ ಕಲಮಿನಡಿ ಇಬ್ಬರೂ ಒಟ್ಟಿಗೇ ಅರ್ಜಿ ಹಾಕಿದೆವು. ಯಾರಿಗೆ ಯಾವುದು ಎಂದು ಪಟ್ಟಿ ಮಾಡಲು ವಕೀಲರ ಕಚೇರಿಯಲ್ಲಿ ಕೂತೆವು: ಫ್ರಿಜ್, ವಾಷಿಂಗ್ ಮೆಷಿನ್, ಮನೆಯ ಅಡ್ವಾನ್ಸ್ ಹಣ, ಕಾರಿನ ಸಾಲ. ಕೆಂಚಿಯ ಹೆಸರು ಬರೆಯಲು ಬೇರೆ ಜಾಗವೇ ಇರಲಿಲ್ಲ, ಆ ಸಾಮಾನುಗಳ ಸಾಲಿನಲ್ಲೇ ಬಂತು. ಆ ವಕೀಲರು ಒಳ್ಳೆಯವರು, ಬರೆಯುವಾಗ ಅವರಿಗೂ ಮುಜುಗರವಾಯಿತು. ನಮ್ಮ ಕಾನೂನಿನ ಕಣ್ಣಿಗೆ ನಾಯಿ ಒಂದು ಆಸ್ತಿ. ಗಂಡ ಹೆಂಡತಿ ಬೇರೆಯಾದಾಗ ಅದರ ಒಳಿತು ಯಾವುದರಲ್ಲಿದೆ ಎಂದು ಕೇಳುವ ಒಂದು ಸಾಲೂ ವಿವಾಹ ಕಾಯ್ದೆಯಲ್ಲಿ ಇಲ್ಲ. ಸ್ಪೇನ್ ದೇಶ 2021ರಲ್ಲಿ ತನ್ನ ಕಾನೂನು ತಿದ್ದಿ, ಪ್ರಾಣಿಗಳನ್ನು ವಸ್ತುಗಳ ಪಟ್ಟಿಯಿಂದ ತೆಗೆಯಿತು. ಅಲ್ಲೀಗ ದಂಪತಿ ಬೇರೆಯಾದರೆ ಸಾಕುಪ್ರಾಣಿ ಯಾರ ಬಳಿ ಇರಬೇಕು ಎಂಬುದನ್ನು ನ್ಯಾಯಾಧೀಶರು ಅದರ ಕ್ಷೇಮವನ್ನೂ ನೋಡಿ ತೀರ್ಮಾನಿಸುತ್ತಾರೆ. ನಮ್ಮಲ್ಲಿ ಆ ಕೆಲಸ ಮನುಷ್ಯರ ಮನಸ್ಸಾಕ್ಷಿಗೆ ಬಿಟ್ಟದ್ದು. ಹಾಗಾಗಿ ನಾನು ಮಾಡಿದೆ. ಮದುವೆ ಮುಗಿಸುವುದು ನಮ್ಮಿಬ್ಬರ ನಿರ್ಧಾರ. ಅದರ ನಷ್ಟವನ್ನು, ಆ ನಿರ್ಧಾರದಲ್ಲಿ ಪಾಲೇ ಇಲ್ಲದವಳ ತಲೆಗೆ ಕಟ್ಟಲು ನನಗೆ ಹಕ್ಕಿಲ್ಲ.

ಅವಳಿಗೆ ಹೇಗೂ ನಷ್ಟವಾಗಿದೆ. ಅದನ್ನು ನೀವು ನೋಡಿಲ್ಲ, ಆದ್ದರಿಂದ ಬರೆಯುತ್ತೇನೆ. ನನ್ನ ಗಂಡನಾಗಿದ್ದವರು ಓಡಿಸುತ್ತಿದ್ದುದು ಆಕ್ಟಿವಾ. ಈಗ ನಾವಿರುವ ಹನುಮಂತನಗರದ ಬೀದಿಯಲ್ಲಿ ಸಂಜೆಯಾದರೆ ಸಾಲುಸಾಲಾಗಿ ಆಕ್ಟಿವಾಗಳೇ ಬರುತ್ತವೆ. ಬಂದ ಹೊಸತರಲ್ಲಿ ಪ್ರತಿಯೊಂದು ಸದ್ದಿಗೂ ಕೆಂಚಿ ಎದ್ದು ಬಾಲ್ಕನಿಗೆ ಓಡುತ್ತಿದ್ದಳು. ಗ್ರಿಲ್ಲಿಗೆ ಮೂತಿ ಒತ್ತಿ, ಗಾಡಿ ದಾಟಿ ಹೋದ ಮೇಲೂ ಅದೇ ದಿಕ್ಕಿಗೆ ನೋಡುತ್ತಿದ್ದಳು. ಕೆಲವು ವಾರಗಳ ನಂತರ ದಾಟಿ ಹೋಗುವ ಗಾಡಿಗಳಿಗೆ ಏಳುವುದನ್ನು ಬಿಟ್ಟಳು, ಗೇಟಿನ ಬಳಿ ನಿಧಾನವಾಗುವ ಗಾಡಿಗೆ ಮಾತ್ರ ಕಿವಿ ನಿಮಿರುತ್ತಿತ್ತು. ಈಗ ಅದೂ ಕಡಿಮೆಯಾಗಿದೆ. ಚಿಕ್ಕಮ್ಮ, ನೀವು ಇದನ್ನು ಕೇಳಿ, ಸದ್ಯ ಮರೆತಳಲ್ಲ ಎನ್ನಬಹುದು. ನನಗೆ ಹಾಗನ್ನಿಸುವುದಿಲ್ಲ. ಕಾದು ಕಾದು ಬಿಟ್ಟವರ ಮುಖ ಹೇಗಿರುತ್ತದೆ ಎಂದು ನನಗೆ ಗೊತ್ತು. ಗಂಡನಾಗಿದ್ದವರಿಗೂ ಅವಳ ಮೇಲೆ ಪ್ರೀತಿ ಇತ್ತು. ಪುಣೆಯಲ್ಲಿ ಇನ್ನಿಬ್ಬರ ಜೊತೆ ಹಂಚಿಕೊಂಡ ಮನೆಗೆ ಕರೆದೊಯ್ಯಲು ಆಗುತ್ತಿರಲಿಲ್ಲ, ಅಷ್ಟೆ. ಹೀಗೆ ಒಬ್ಬರನ್ನು ಕಳೆದುಕೊಂಡವಳಿಂದ ಉಳಿದ ನನ್ನನ್ನೂ ಕಿತ್ತುಕೋ ಎಂದು ನೀವು ನನಗೆ ಹೇಳುತ್ತಿದ್ದೀರಿ.

ಪಿತೃಪಕ್ಷದಲ್ಲಿ ಮನೆ ಬದಲಿಸಬಾರದು ಎಂದೂ ಹೇಳಿದಿರಿ. ಮಾಲೀಕರು ಕೀಲಿ ಕೊಟ್ಟದ್ದು ಆಗಲೇ, ನಾವು ಬಂದೆವು. ಆಮೇಲೆ ನವರಾತ್ರಿ ಬಂತು, ಈಗ ದೀಪಾವಳಿ ಹತ್ತಿರವಾಗಿದೆ. ಶರತ್ಕಾಲದ ಆಕಾಶ ತಿಳಿಯಾಗಿ, ನಿರ್ಮಲವಾಗಿ ಇರುತ್ತದೆಂದು ಕಾವ್ಯಗಳಲ್ಲಿ ಓದಿದ್ದೇವೆ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಎಂದರೆ ರಾತ್ರಿ ಸುರಿದು ಬೆಳಿಗ್ಗೆ ನಿಲ್ಲುವ ಮಳೆ. ಬೆಳಕು ಹರಿಯುವ ಮೊದಲೇ ಕೆಂಚಿಯನ್ನು ಕರೆದುಕೊಂಡು ಇಳಿಯುತ್ತೇನೆ. ಒದ್ದೆ ಟಾರಿನ ಮೇಲೆ ಆಕಾಶಮಲ್ಲಿಗೆ ಬಿದ್ದಿರುತ್ತದೆ. ಮೊದಲ ಹಾಲಿನ ವ್ಯಾನು ಬರುತ್ತದೆ, ಹೂ ಕಟ್ಟುವವರು ಬುಟ್ಟಿ ಇಳಿಸುತ್ತಾರೆ. ಅವಳು ಪ್ರತಿ ಕಂಬವನ್ನೂ ಮೂಸಿ ನೋಡಿ ಮುಂದೆ ಹೋಗುತ್ತಾಳೆ, ಅವಸರ ಮಾಡುವಂತಿಲ್ಲ. ಒಬ್ಬಳೇ ಆದ ಮೇಲೆ ಬೆಳಗಿನ ಈ ಒಂದು ಗಂಟೆ ಇಲ್ಲದಿದ್ದರೆ ನಾನು ಹಾಸಿಗೆಯಿಂದ ಏಳುತ್ತಿದ್ದೆನೇ ಎಂದು ಕೇಳಬೇಡಿ. ಏಳುತ್ತಿದ್ದೆ, ಆಫೀಸಿಗೂ ಹೋಗುತ್ತಿದ್ದೆ. ಆದರೆ ಈ ಬೀದಿಯಲ್ಲಿ ಒಬ್ಬರ ಪರಿಚಯವೂ ಆಗುತ್ತಿರಲಿಲ್ಲ. ಹೊಸ ಬಡಾವಣೆಗೆ ಒಂಟಿಯಾಗಿ ಬಂದ ಹೆಂಗಸಿಗೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ, ಯಜಮಾನರು ಎಲ್ಲಿ ಕೆಲಸ ಮಾಡುತ್ತಾರೆ ಎಂಬುದು. ನಾಯಿ ಜೊತೆಗಿದ್ದರೆ ಮೊದಲ ಪ್ರಶ್ನೆ, ಕಚ್ಚುತ್ತಾ ಎಂಬುದು. ಇಲ್ಲ ಎನ್ನುತ್ತೇನೆ. ಎರಡನೆಯದು ಹೆಸರೇನು ಎಂಬುದು. ಆ ಹೆಸರಿನಿಂದ ಮಾತು ಬೆಳೆದು, ಯಜಮಾನರ ಪ್ರಶ್ನೆ ಬರುವ ಹೊತ್ತಿಗೆ ನಾವು ಪರಿಚಿತರಾಗಿರುತ್ತೇವೆ. ಆಗ ಉತ್ತರಿಸುವುದು ನನಗೆ ಕಷ್ಟವಾಗುವುದಿಲ್ಲ.

ಆಯುಧಪೂಜೆಯ ಮರುದಿನ ಮಾತ್ರ ಈ ನಡಿಗೆ ಬಲು ಕಷ್ಟ. ಪ್ರತಿ ಗಾಡಿಯ ಮುಂದೂ ಒಡೆದ ಬೂದುಗುಂಬಳ, ಅದರೊಳಗೆ ಕುಂಕುಮ, ನಾಣ್ಯ, ಚಕ್ರದಡಿ ನಿಂಬೆಹಣ್ಣು. ಮನುಷ್ಯರೂ ಬೈಕುಗಳೂ ಜಾರುತ್ತವೆ. ನಾಯಿ, ಹಸುಗಳು ಆ ರಾಡಿಯನ್ನೇ ನೆಕ್ಕುತ್ತವೆ. ಪೂಜೆಯಾದ ಮೇಲೆ ಕುಂಬಳವನ್ನು ಪಕ್ಕಕ್ಕೆ ಸರಿಸಲು ಐದು ನಿಮಿಷ ಸಾಕು ಎಂದು ಗಾಡಿ ಇಟ್ಟುಕೊಂಡ ಎಲ್ಲರಿಗೂ ಇಲ್ಲೇ ವಿನಂತಿಸಿಕೊಳ್ಳುತ್ತೇನೆ.

ಮಳೆಯ ತೇವಕ್ಕೆ ಉಣ್ಣೆಗಳೂ ಏಳುತ್ತವೆ. ಮನೆಗೆ ಬಂದ ಮೇಲೆ ಕಾಲಿನ ಬೆರಳ ಸಂದು, ಕಿವಿಯ ಒಳಮಡಿಕೆ, ಕೊರಳಪಟ್ಟಿಯ ಕೆಳಗೆ ಬೆರಳಾಡಿಸಿ ನೋಡುತ್ತೇನೆ. ನಾಯಿ ಸಾಕಿದವರಿಗೆ ಉಣ್ಣೆ ಜ್ವರ ಎಂದರೆ ಎದೆ ನಡುಗುತ್ತದೆ. ಉಣ್ಣೆ ಕಚ್ಚಿದಾಗ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ ರಕ್ತಕ್ಕಿಳಿದು ಪ್ಲೇಟ್‌ಲೆಟ್ ಕುಸಿಯುತ್ತದೆ, ನಾಯಿ ಊಟ ಬಿಡುತ್ತದೆ, ವಸಡು ಬಿಳಿಚಿಕೊಳ್ಳುತ್ತದೆ. ಬೇಗ ಗೊತ್ತಾದರೆ ಡಾಕ್ಸಿಸೈಕ್ಲಿನ್ ಮಾತ್ರೆಯಲ್ಲಿ ಗುಣವಾಗುತ್ತದೆ. ಸಾಮಾನ್ಯವಾಗಿ 28 ದಿನ ಕೊಡಬೇಕು, ಚೇತರಿಸಿಕೊಂಡಳೆಂದು ನಡುವೆ ನಿಲ್ಲಿಸುವಂತಿಲ್ಲ. ಮನೆಯಲ್ಲಿ ಇನ್ನೊಬ್ಬರಿದ್ದಾಗ ಒಬ್ಬರು ಬಾಯಿ ತೆರೆದು ಹಿಡಿದರೆ ಇನ್ನೊಬ್ಬರು ಮಾತ್ರೆ ಹಾಕುತ್ತಿದ್ದೆವು. ಈಗ ನಾನೊಬ್ಬಳೇ ಬಲಗೈಯಲ್ಲಿ ಮಾತ್ರೆ ಹಿಡಿದು ಎಡಗೈಯಲ್ಲಿ ದವಡೆ ಬಿಡಿಸುವುದನ್ನು ಕಲಿತಿದ್ದೇನೆ. ಅವಳಿಗೆಂದು ಅನ್ನ, ಮೊಟ್ಟೆ, ಸಿಹಿಗುಂಬಳ ಬೇಯಿಸಲು ಒಲೆ ಹಚ್ಚುತ್ತೇನಲ್ಲ, ಅದೇ ಒಲೆಯ ಮೇಲೆ ನನ್ನ ಸಾರೂ ಆಗುತ್ತದೆ. ಒಬ್ಬಳಿಗಾಗಿ ಏನು ಅಡುಗೆ ಎಂದು ರಾತ್ರಿ ಬ್ರೆಡ್ಡು ತಿಂದು ಮಲಗುವ ಗೆಳತಿಯರನ್ನು ನೋಡಿದ್ದೇನೆ, ನಾನು ಆ ಅಭ್ಯಾಸಕ್ಕೆ ಬಿದ್ದಿಲ್ಲ. ಅಂದ ಹಾಗೆ, ಹಬ್ಬದ ಪಾಯಸವನ್ನು ಪ್ರೀತಿಯಿಂದ ಯಾವ ನಾಯಿಗೂ ಹಾಕಬೇಡಿ. ದ್ರಾಕ್ಷಿ, ಒಣದ್ರಾಕ್ಷಿ ಅವುಗಳ ಮೂತ್ರಪಿಂಡವನ್ನೇ ಕೆಡಿಸಬಲ್ಲವು. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಕೂಡ ಬೇಡ.

ಮಕ್ಕಳಿಲ್ಲದ ಕೊರತೆಗೆ ನಾಯಿ ಇಟ್ಟುಕೊಂಡಿದ್ದಾಳೆ ಎಂಬ ಮಾತೂ ನನ್ನ ಕಿವಿಗೆ ಬಿದ್ದಿದೆ. ಕೆಂಚಿ ಮಗುವಿನ ಜಾಗದಲ್ಲೂ ಇಲ್ಲ, ಗಂಡನ ಜಾಗದಲ್ಲೂ ಇಲ್ಲ. ಅವಳು ನಾಯಿ. ಅವಳಿಗೆ ನಡಿಗೆ ಬೇಕು, ಹೊತ್ತಿಗೆ ಊಟ ಬೇಕು, ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ಬೇಕು, ಜೊತೆ ಬೇಕು. ಮರಿಯಾಗಿದ್ದಾಗ ಎತ್ತಿಕೊಂಡು ಬಂದ ದಿನವೇ ಇವನ್ನೆಲ್ಲ ಕೊಡುತ್ತೇನೆಂದು ಒಪ್ಪಿಕೊಂಡೆ. ನನ್ನ ಮದುವೆ ಉಳಿಯಲಿಲ್ಲ ಎಂಬುದಕ್ಕೂ ಆ ಮಾತಿಗೂ ಸಂಬಂಧವಿಲ್ಲ.

ಮನೆ ಹುಡುಕಿದ ಕಥೆಯನ್ನು ಬೆಳೆಸುವುದಿಲ್ಲ. ಟು ಲೆಟ್ ಬೋರ್ಡಿನಲ್ಲೇ ಫ್ಯಾಮಿಲಿಗೆ ಮಾತ್ರ ಎಂದು ಬರೆದಿರುತ್ತಾರೆ. ಒಂಟಿ ಹೆಂಗಸು ಎಂದಾಗ ಅರ್ಧ ಬಾಗಿಲು, ನಾಯಿ ಎಂದಾಗ ಪೂರ್ತಿ ಬಾಗಿಲು ಮುಚ್ಚುತ್ತದೆ. ಸಂಘದವರಿಗೆ ಒಂದು ಮಾತು: ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ಓದಿ. ನಿವಾಸಿಗಳಲ್ಲಿ ಬಹುಮತ ಇದ್ದರೂ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಎನ್ನುವಂತಿಲ್ಲ ಎಂದು ಅದರಲ್ಲಿದೆ. ಸಾಕಿದವರು ಗಲೀಜು ಎತ್ತಬೇಕು, ಲಸಿಕೆ ಹಾಕಿಸಬೇಕು, ಇತರರಿಗೆ ತೊಂದರೆಯಾಗದಂತೆ ನೋಡಿಕೊಳ್ಳಬೇಕು; ಅದನ್ನು ನಾನು ಮಾಡುತ್ತೇನೆ. ಈಗಿನ ಮನೆಯ ಒಡತಿ ನಿವೃತ್ತ ಶಿಕ್ಷಕಿ. ಅವರು ಕೇಳಿದ್ದು ಲಸಿಕೆಯ ಕಾರ್ಡು ಒಂದನ್ನೇ. ಕನ್ನಡಕ ಹಾಕಿಕೊಂಡು ತಾರೀಕುಗಳನ್ನೆಲ್ಲ ನೋಡಿ, ಸರಿಯಮ್ಮ, ಯಾವತ್ತು ಬರ್ತೀಯ ಎಂದರು.

ನಾಯಿಯನ್ನು ಮನೆಯವರಂತೆ ನೋಡುವುದು ಈಗಿನವರ ಶೋಕಿ ಎಂದಿರಿ, ಚಿಕ್ಕಮ್ಮ. ಧರ್ಮರಾಯ ಸ್ವರ್ಗದ ಬಾಗಿಲಲ್ಲಿ ನಾಯಿಗಾಗಿ ನಿಂತ ಕಥೆ ನಿಮ್ಮ ಬಾಯಲ್ಲೇ ಕೇಳಿದ್ದೇನೆ, ಅದನ್ನು ಮತ್ತೆ ಹೇಳುವುದಿಲ್ಲ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನದ ಕಲ್ಲೊಂದಿದೆ, ಕ್ರಿಸ್ತಶಕ 949-50ರದು. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೆರನಿಗೆ ಗಂಗ ದೊರೆ ಇಮ್ಮಡಿ ಬೂತುಗ ಏನು ಬೇಕೋ ಕೇಳು ಎಂದ. ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ದೊಡ್ಡ ಹಂದಿಯೊಂದರ ಜೊತೆ ಕಾದಾಡಿತು, ಎರಡೂ ಸತ್ತವು. ಮಣಲೆರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿದ, ಭೂಮಿ ದತ್ತಿ ಬಿಟ್ಟ, ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ತಟ್ಟುತ್ತದೆ ಎಂದು ಪೂಜಾರಿಗೆ ಕಟ್ಟುಮಾಡಿದ. ಹಂದಿಯ ಮೇಲೆ ಎಗರಿದ ಕಾಳಿ ಆ ಕಲ್ಲಿನಲ್ಲಿ ಈಗಲೂ ಇದೆ. ಒಂದು ದಿನ ಬಿಡುವು ಮಾಡಿಕೊಳ್ಳಿ, ನಾನೇ ಕರೆದುಕೊಂಡು ಹೋಗಿ ತೋರಿಸುತ್ತೇನೆ.

ಇನ್ನು ದೀಪಾವಳಿ. ನಮ್ಮ ಕಿವಿಗೆ ಕೇಳುವ ಸದ್ದಿನ ಮೇಲಿನ ಮಿತಿ ಸುಮಾರು 20,000 ಹರ್ಟ್ಸ್. ನಾಯಿಗೆ ಸುಮಾರು 45,000ದವರೆಗೂ ಕೇಳುತ್ತದೆ. ಆಟಂಬಾಂಬು, ಸರಪಟಾಕಿ ಸಿಡಿದಾಗ ಅದು ಎಲ್ಲಿಂದ ಬಂತು, ಯಾವಾಗ ನಿಲ್ಲುತ್ತದೆ ಎಂದು ಅವುಗಳಿಗೆ ತಿಳಿಯುವುದಿಲ್ಲ. ಸುಪ್ರೀಂ ಕೋರ್ಟ್ 2018ರಲ್ಲೇ ಹಸಿರು ಪಟಾಕಿ ಮಾತ್ರ, ರಾತ್ರಿ 8ರಿಂದ 10ರವರೆಗೆ ಮಾತ್ರ ಎಂದಿತು. ಅಷ್ಟನ್ನು ಪಾಲಿಸಿದರೂ ಸಾಕು, ನಾವು ಆ ಎರಡು ಗಂಟೆಗೆ ತಯಾರಾಗಿರುತ್ತೇವೆ. ಸಂಜೆಯೇ ಅವಳನ್ನು ನಡೆಸಿ, ಊಟ ಹಾಕಿ, ಕಿಟಕಿಗಳನ್ನು ಮುಚ್ಚಿ, ಫ್ಯಾನೂ ರೇಡಿಯೋವೂ ಹಾಕಿ, ಬಚ್ಚಲುಮನೆಯಲ್ಲಿ ಹಳೆಯ ರಜಾಯಿ ಹಾಸುತ್ತೇನೆ. ಈ ಮೂರು ರಾತ್ರಿ ಗಾಬರಿಯಿಂದ ಪಟ್ಟಿ ಹರಿದುಕೊಂಡು ಓಡಿ ಕಳೆದುಹೋಗುವ ನಾಯಿಗಳು ಎಷ್ಟೋ. ಅಂಥದ್ದೊಂದು ನಿಮ್ಮ ಕಾಂಪೌಂಡಿನೊಳಗೆ ನುಗ್ಗಿದರೆ ಕೋಲು ಎತ್ತಬೇಡಿ. ಗೇಟು ಹಾಕಿ, ಒಂದು ಬಟ್ಟಲು ನೀರು ಇಟ್ಟು, ದೂರ ನಿಲ್ಲಿ. ಅದು ಸಮಾಧಾನವಾದ ಮೇಲೆ ಕೊರಳಲ್ಲಿ ಬಿಲ್ಲೆ ಇದೆಯೇ ನೋಡಿ ಅದರಲ್ಲಿರುವ ನಂಬರಿಗೆ ಫೋನ್ ಮಾಡಿ.

ಚಿಕ್ಕಮ್ಮ, ಬಲಿಪಾಡ್ಯಮಿಗೆ ಬರುತ್ತೇನೆಂದು ಹೇಳಿದ್ದೀರಿ. ಖಂಡಿತ ಬನ್ನಿ, ನಿಮಗಿಷ್ಟವಾದ ಕಾಯಿಹೋಳಿಗೆ ಮಾಡುತ್ತೇನೆ. ಕೆಂಚಿಯನ್ನು ಕಟ್ಟಿಹಾಕುವುದಿಲ್ಲ, ಅವಳು ಹಾಲ್‌ನಲ್ಲೇ ಇರುತ್ತಾಳೆ. ನಿಮ್ಮ ಸೀರೆಯ ಸೆರಗು ಮೂಸಿ ನೋಡುತ್ತಾಳೆ, ಆಮೇಲೆ ಹೋಗಿ ತನ್ನ ಚಾಪೆಯ ಮೇಲೆ ಮಲಗುತ್ತಾಳೆ.

ಇಂತಿ ನಿಮ್ಮವಳು,
ಕೆಂಚಿಯ ಜೊತೆ ಹನುಮಂತನಗರದಲ್ಲಿ ಇರುವವಳು