ಉಷ್ಣವಲಯ ವಿರಹ ಮೀಮಾಂಸೆ

ಬಾಲಿ, ಫುಕೆಟ್, ಮಾಲ್ಡೀವ್ಸ್, ಅಂಡಮಾನ್ ಮುಂತಾದ ದ್ವೀಪಗಳಿಗೆ ಹೋಗಿಬಂದ ಬೆಂಗಳೂರಿಗರಲ್ಲಿ, ಬಂದ ಮರುದಿನದಿಂದಲೇ ಒಂದು ಬಗೆಯ ವಿಷಾದ ತಲೆದೋರುವುದು ಲೋಕಪ್ರಸಿದ್ಧ. ರೋಗಿ ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಸುಮ್ಮನೆ ಗೋಡೆ ನೋಡುತ್ತ ನಿಲ್ಲುತ್ತಾನೆ. ಚಪ್ಪಲಿಗೆ ಮೆತ್ತಿದ ಮರಳನ್ನು ಯಾರಾದರೂ ಕೊಡವಲು ಹೋದರೆ ರೇಗುತ್ತಾನೆ. ಲಿಫ್ಟಿನಲ್ಲಿ ಸಿಕ್ಕವರು ಟ್ರಿಪ್ಪು ಹೇಗಿತ್ತು ಎಂದು ಕೇಳಿದರೆ ಆರನೇ ಮಹಡಿಯಿಂದ ನೆಲಮಹಡಿಯವರೆಗೂ ಹೇಳುತ್ತಾನೆ, ಕೊನೆಗೊಂದು ನಿಟ್ಟುಸಿರು ಬಿಡುತ್ತಾನೆ. ಇದನ್ನು ವೈದ್ಯರು ಪ್ರಯಾಣದ ಆಯಾಸ ಎನ್ನುತ್ತಾರೆ, ಮನೆಯ ಹಿರಿಯರು ಕೊಬ್ಬು ಎನ್ನುತ್ತಾರೆ. ಎರಡೂ ನಿರ್ಣಯಗಳು ಅವಸರದವು. ಈ ವ್ಯಾಧಿಯನ್ನು ವೈದ್ಯಶಾಸ್ತ್ರದ ವಶದಿಂದ ಬಿಡಿಸಿ ಅದರ ನಿಜವಾದ ವಾರಸುದಾರನಾದ ಅಲಂಕಾರಶಾಸ್ತ್ರಕ್ಕೆ ಒಪ್ಪಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲ ಪೂರ್ವಪಕ್ಷ ಹವಾಮಾನವಾದಿಗಳದು. ಉಷ್ಣವಲಯದ ಬಿಸಿಲು, ತೆಂಗು, ಹಸಿರನ್ನು ಬಿಟ್ಟುಬಂದದ್ದೇ ದುಃಖಕ್ಕೆ ಕಾರಣವೆಂದು ಇವರ ಮತ. ಇವರು ಭೂಪಟ ನೋಡಿಲ್ಲ. ಉಷ್ಣವಲಯವೆಂದರೆ ಭೂಮಧ್ಯರೇಖೆಯ ಎರಡೂ ಕಡೆಗೆ ಸುಮಾರು 23.5 ಡಿಗ್ರಿಯಷ್ಟು ಹರಡಿದ ಪಟ್ಟಿ. ಕೊಡಗಿನ ಕಾಫಿ ತೋಟದಿಂದ ಬೀದರಿನ ಕೋಟೆಯವರೆಗೆ ಇಡೀ ಕರ್ನಾಟಕ ಈ ಪಟ್ಟಿಯೊಳಗೇ ಇದೆ. ಬೆಂಗಳೂರು ಇರುವುದು 13 ಡಿಗ್ರಿಯಲ್ಲಿ, ಫುಕೆಟ್ 8ರಲ್ಲಿ, ಬಾಲಿ ರೇಖೆಯ ಆಚೆ ಮತ್ತೆ 8ರಲ್ಲಿ. 2024ರಲ್ಲಿ ಶ್ರೀ ವಿಜಯಪುರಂ ಎಂದು ಮರುನಾಮಕರಣಗೊಂಡ ಪೋರ್ಟ್ ಬ್ಲೇರಂತೂ ನಮ್ಮ ಬಂಡೀಪುರದ ಅಕ್ಷಾಂಶದಲ್ಲೇ ಇದೆ. ಅಂದಮೇಲೆ ರೋಗಿ ಉಷ್ಣವಲಯದಿಂದ ಹೊರಟು ಉಷ್ಣವಲಯದಲ್ಲಿ ಇಳಿದು ಉಷ್ಣವಲಯಕ್ಕೇ ಮರಳಿದ್ದಾನೆ. ಎಳನೀರಿಗಾಗಿ ಅತ್ತರೆ ಮದ್ದೂರು ದೂರವಿಲ್ಲ, ಕೊಬ್ಬರಿಗಾಗಿ ಅತ್ತರೆ ತಿಪಟೂರು ಅದಕ್ಕೇ ಹೆಸರಾದ ಊರು. ಆದರೂ ಶಿವಮೊಗ್ಗದ ಅಡಿಕೆ ತೋಟದಲ್ಲಿ ಹುಟ್ಟಿಬೆಳೆದವನೊಬ್ಬ ದ್ವೀಪದ ನೆನಪಿಗೆಂದು ನರ್ಸರಿಯಿಂದ ಅರೆಕಾ ಪಾಮ್ ಕುಂಡ ತಂದು ಬಾಲ್ಕನಿಯಲ್ಲಿಟ್ಟರೆ ಆಶ್ಚರ್ಯಪಡಬೇಕಿಲ್ಲ. (ಆ ಕುಂಡದ ಗಿಡ ಅಡಿಕೆಯ ಜಾತಿಯೂ ಅಲ್ಲ, ಮಡಗಾಸ್ಕರಿನದು. ದುಃಖಿತರು ಇಂಥ ವಿವರ ಕೇಳುವುದಿಲ್ಲ.)

ಬಿಸಿಲು ಕಡಿಮೆಯಾಗಿ ಮನಸ್ಸು ಕುಗ್ಗುತ್ತದೆಂಬ ಮಾತಿಗೆ ಆಧಾರವೇನೋ ಉಂಟು. 1984ರಲ್ಲಿ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಚಳಿಗಾಲಕ್ಕೆ ಬರುವ ಖಿನ್ನತೆಯನ್ನು ವರ್ಣಿಸಿ ಅದಕ್ಕೆ ಬೆಳಕಿನ ಚಿಕಿತ್ಸೆ ಹೇಳಿದರು. ಆದರೆ ಅದು ಮಧ್ಯಾಹ್ನಕ್ಕೇ ದೀಪ ಹಚ್ಚುವ ಸೀಮೆಗಳ ಮಾತು. ಬೆಂಗಳೂರಿನ ನೆತ್ತಿಯ ಮೇಲೆ ಸೂರ್ಯ ವರ್ಷಕ್ಕೆ ಎರಡು ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ, ನೆಟ್ಟಗೆ ನಿಂತು ಕಂಬದ ನೆರಳನ್ನೇ ನುಂಗಿಹಾಕುತ್ತಾನೆ. ಇನ್ನೆಷ್ಟು ಬಿಸಿಲು ಬೇಕು? ಕಾಲಮಾನದ ವ್ಯತ್ಯಾಸದಿಂದ ನಿದ್ದೆ ಕೆಟ್ಟಿತೆನ್ನೋಣವೆಂದರೆ ಥಾಯ್ಲೆಂಡ್ ನಮಗಿಂತ ಒಂದೂವರೆ ಗಂಟೆ ಮಾತ್ರ ಮುಂದಿದೆ. ಹೊರವರ್ತುಲ ರಸ್ತೆಯಲ್ಲಿ ಕಚೇರಿಗೆ ಹೋಗುವವನು ಅಷ್ಟು ಹೊತ್ತನ್ನು ವಿಮಾನ ಹತ್ತದೆಯೇ ಕಳೆದುಕೊಳ್ಳಬಲ್ಲ.

ಇನ್ನು ಸ್ಥಳವಾದಿಗಳು. ಊರಿನ ಮೋಹವೇ ಇಲ್ಲಿ ಕಾರಣ ಎನ್ನುವ ಇವರ ಬೆನ್ನಿಗೆ ದೊಡ್ಡ ಪರಂಪರೆಯಿದೆ. 1688ರಲ್ಲಿ ಬಾಸೆಲ್ ನಗರದ ವೈದ್ಯ ವಿದ್ಯಾರ್ಥಿ ಯೋಹಾನೆಸ್ ಹೋಫರ್, ಊರು ಬಿಟ್ಟುಹೋದ ಸ್ವಿಸ್ ಜನ ತವರಿನ ನೆನಪಿನಲ್ಲಿ ಸೊರಗುವುದನ್ನು ಒಂದು ರೋಗವೆಂದೇ ಎಣಿಸಿ ಪ್ರಬಂಧ ಬರೆದ. ರೋಗಿಯನ್ನು ಮನೆಗೆ ಕಳಿಸುವುದೇ ಮದ್ದೆಂದ. ನಮ್ಮ ರೋಗಿಯ ತೊಡಕು ಇಲ್ಲೇ ಇದೆ: ಅವನು ಮನೆಗೆ ಬಂದದ್ದರಿಂದಲೇ ಕಾಯಿಲೆ ಬಿದ್ದವನು. ಕನ್ನಡದ ಮಟ್ಟಿಗೆ ಈ ಪಂಥದ ಮೂಲಪುರುಷ ಪಂಪ. 941ರ ಹೊತ್ತಿಗೆ, ಇಂದಿನ ತೆಲಂಗಾಣದ ವೇಮುಲವಾಡದಲ್ಲಿ ಅರಿಕೇಸರಿಯ ಆಶ್ರಯದಲ್ಲಿದ್ದುಕೊಂಡು ಬನವಾಸಿಗಾಗಿ ಅವನಷ್ಟು ಹಂಬಲಿಸಿದವರಿಲ್ಲ. ಆದರೆ ಬನವಾಸಿಯೂ ಉಷ್ಣವಲಯ, ವೇಮುಲವಾಡವೂ ಉಷ್ಣವಲಯ. ಅಲ್ಲದೆ ಪಂಪ ದುಡಿಯುತ್ತಿದ್ದದ್ದು ವೇಮುಲವಾಡದಲ್ಲಿ. ಬನವಾಸಿಯಲ್ಲಿ ಅವನಿಗೊಂದು ಆಸ್ಥಾನ, ಅದರಲ್ಲೊಬ್ಬ ಅರಿಕೇಸರಿ, ಆ ಅರಿಕೇಸರಿಗೊಂದು ಕಾವ್ಯ ಮುಗಿಸಿಕೊಡುವ ಗಡುವು ಇದ್ದಿದ್ದರೆ ಅದೇ ಹಂಬಲ ಉಳಿಯುತ್ತಿತ್ತೇ ಎಂಬ ಪ್ರಶ್ನೆಯನ್ನು ಪಂಪ ವಿದ್ವಾಂಸರು ಇನ್ನಾದರೂ ಎತ್ತಿಕೊಳ್ಳಬೇಕು.

ತರ್ಕಶಾಸ್ತ್ರದಲ್ಲಿ ಅನ್ವಯ, ವ್ಯತಿರೇಕ ಎಂದು ಎರಡು ಪರೀಕ್ಷೆಗಳಿವೆ. ಕಾರಣ ಇದ್ದಲ್ಲಿ ಕಾರ್ಯ ಇರಬೇಕು, ಕಾರಣ ಇಲ್ಲದಲ್ಲಿ ಇರಬಾರದು. ಸ್ಥಳವೇ ಕಾರಣವಾದರೆ ಆ ಸ್ಥಳದಿಂದ ಬಂದವರೆಲ್ಲ ಅಳಬೇಕು. ಕಚೇರಿಯ ಸಮ್ಮೇಳನಕ್ಕೆಂದು ಬಾಲಿಗೆ ಹೋಗಿ, ಪರದೆ ಎಳೆದ ಸಭಾಂಗಣದಲ್ಲಿ ಸ್ಲೈಡು ನೋಡಿ ಬಂದವರನ್ನು ಗಮನಿಸಿ; ಅದೇ ಬಾಲಿ, ಅದೇ ಕಡಲು, ಕಣ್ಣಲ್ಲಿ ಒಂದು ಹನಿ ಇಲ್ಲ. ನಿವೃತ್ತರನ್ನು ನೋಡಿ. ಟ್ರಾವೆಲ್ಸಿನವರ ಜೊತೆ ಗುಂಪಿನಲ್ಲಿ ಥಾಯ್ಲೆಂಡ್ ಸುತ್ತಿಬಂದ ನಿವೃತ್ತ ಮೇಷ್ಟ್ರು ಮರುದಿನ ಬೆಳಗ್ಗೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕುಳಿತು, ಅಲ್ಲಿನ ಅನ್ನ ಅಂಟಂಟು ಎಂದು ಸಡಗರದಿಂದ ದೂರುತ್ತಾರೆ. ಅವರಲ್ಲಿ ವಿಷಾದದ ಸುಳಿವೇ ಇಲ್ಲ. ಎಲ್ಲಕ್ಕಿಂತ ನಿರ್ಣಾಯಕ ಸಾಕ್ಷ್ಯ ಶಾಲಾ ಮಕ್ಕಳದು. ಏಪ್ರಿಲ್ ನಡುವೆ ಅಂಡಮಾನಿನಿಂದ ಮರಳಿದ ಮಗು ಚೀಲ ಬಿಸಾಡಿ ಆಟಕ್ಕೆ ಓಡುತ್ತದೆ. ಅದೇ ಮಗು ಮೇ ಕೊನೆಗೆ, ಶಾಲೆ ಶುರುವಾಗುವ ಹಿಂದಿನ ದಿನ ಮರಳಿತೆನ್ನಿ, ಸಂಜೆಯ ಹೊತ್ತಿಗೆ ಹೊಟ್ಟೆನೋವು. ಕಡಲು ಬದಲಾಗಿಲ್ಲ, ಮಗು ಬದಲಾಗಿಲ್ಲ. ಬದಲಾದದ್ದು ಒಂದೇ: ಉಳಿದ ರಜೆ.

ಹೀಗೆ ಸಿದ್ಧಾಂತ ತಾನಾಗಿ ಒದಗುತ್ತದೆ. ಈ ವಿಷಾದದ ಆಲಂಬನ ದ್ವೀಪವಲ್ಲ, ರಜೆ. ದ್ವೀಪ, ಕಡಲು, ಅಲೆಯ ಸದ್ದು, ಬೆಳಗಿನ ಬಫೆಯಲ್ಲಿ ಸಾಲಾಗಿ ಕತ್ತರಿಸಿಟ್ಟ ಕಲ್ಲಂಗಡಿ, ಇವೆಲ್ಲ ಕೇವಲ ಉದ್ದೀಪನ ವಿಭಾವಗಳು. ರಜೆ ನಿರಾಕಾರ, ಅದು ನಾಯಿಕೆಯಾಗುವುದು ಹೇಗೆಂದು ಕೇಳುವವರು, ರಾಜ್ಯಲಕ್ಷ್ಮಿಯನ್ನೂ ಕೀರ್ತಿಕಾಂತೆಯನ್ನೂ ಹಳಗನ್ನಡ ಕವಿಗಳು ದೊರೆಗಳಿಗೆ ಮದುವೆ ಮಾಡಿಸಿದ್ದನ್ನು ನೆನೆಯಬೇಕು. ರಾಜ್ಯಲಕ್ಷ್ಮಿಗೆ ಸಂದ ಗೌರವ ರಜಾಲಕ್ಷ್ಮಿಗೆ ಏಕಿಲ್ಲ? ಚಂಚಲೆ ಎಂಬ ಗುಣ ಇಬ್ಬರಿಗೂ ಸಮಾನ. ಇನ್ನು ಭರತಮುನಿ ನಾಟ್ಯಶಾಸ್ತ್ರದಲ್ಲಿ ಕರುಣಕ್ಕೂ ವಿಪ್ರಲಂಭಕ್ಕೂ ಇಟ್ಟ ಭೇದ ಇಲ್ಲಿ ದೀಪ ಹಿಡಿಯುತ್ತದೆ. ಮತ್ತೆ ಕೂಡುವ ಆಸೆ ಉಳಿದಿದ್ದರೆ ವಿಪ್ರಲಂಭ, ಆಸೆ ಸತ್ತಿದ್ದರೆ ಕರುಣ. ಕಾಳಿದಾಸನ ಯಕ್ಷ ಕರ್ತವ್ಯಲೋಪಕ್ಕಾಗಿ ಒಂದು ವರ್ಷ ರಾಮಗಿರಿಗೆ ಎತ್ತಂಗಡಿಯಾದವನು. ಮೋಡಕ್ಕೆ ಸಂದೇಶ ಒಪ್ಪಿಸುವಾಗ ಶಾಪದಲ್ಲಿ ನಾಲ್ಕು ತಿಂಗಳಷ್ಟೇ ಬಾಕಿ. ಎಣಿಸಲು ತಿಂಗಳಿದ್ದುದರಿಂದಲೇ ಅದು ಶೃಂಗಾರಕಾವ್ಯವಾಯಿತು. ಆದ್ದರಿಂದ ದ್ವೀಪದಿಂದ ಬಂದ ನೌಕರ ಯಾವ ರಸದಲ್ಲಿದ್ದಾನೆಂದು ತಿಳಿಯಲು ಅವನ ಮುಖ ನೋಡುವ ಅಗತ್ಯವಿಲ್ಲ. ಅವನ ಇಎಲ್ (ಗಳಿಕೆ ರಜೆ) ಖಾತೆ ನೋಡಿದರೆ ಸಾಕು. ಉಳಿಕೆ ಇದ್ದರೆ ವಿಪ್ರಲಂಭ, ಸೊನ್ನೆಯಾದರೆ ಕರುಣ.

ಡಚ್ಚರಿಗೆ ಅಲಂಕಾರಶಾಸ್ತ್ರ ಗೊತ್ತಿಲ್ಲದಿದ್ದರೂ ಅವರು ಇದನ್ನೇ ಸಾಧಿಸಿಕೊಟ್ಟಿದ್ದಾರೆ. 2010ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಒಂದು ಅಧ್ಯಯನ 1,530 ಜನರನ್ನು ವಿಚಾರಿಸಿತು. ಅವರಲ್ಲಿ 974 ಜನ ಪ್ರವಾಸ ಹೋದವರು. ಹೊರಡುವ ಮುಂಚೆ ಇವರು ಮನೆಯಲ್ಲೇ ಉಳಿದವರಿಗಿಂತ ಹೆಚ್ಚು ಖುಷಿಯಾಗಿದ್ದರು. ಮರಳಿದ ಮೇಲೆ, ತುಂಬ ನಿರಾಳವಾಗಿ ರಜೆ ಕಳೆದವರನ್ನು ಬಿಟ್ಟರೆ, ಎರಡೂ ಗುಂಪುಗಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ. ಹೊರಡುವ ಮುಂಚಿನ ಆ ಖುಷಿಯನ್ನು ಸಾಹಿತ್ಯದರ್ಪಣದ ವಿಶ್ವನಾಥ ವಿಪ್ರಲಂಭದ ಪೂರ್ವರಾಗವೆಂಬ ಭೇದದಲ್ಲಿ ಎಂದೋ ಸೇರಿಸಿಟ್ಟಿದ್ದಾನೆ.

ಶಾಸ್ತ್ರೋಕ್ತವಾದ ವಿರಹದ ಹತ್ತು ಅವಸ್ಥೆಗಳೂ ರೋಗಿಯಲ್ಲಿ ಕ್ರಮ ತಪ್ಪದೆ ಕಾಣಿಸುತ್ತವೆ. ವಿಮಾನ ನೆಲ ಮುಟ್ಟುವಾಗಲೇ ಅಭಿಲಾಷೆ, ಟ್ಯಾಕ್ಸಿಯಲ್ಲಿ ಕುಳಿತು ಮೊಬೈಲು ತೆರೆದಾಗ ಚಿಂತೆ. ಫೋಟೋಗಳನ್ನು ಹಿಂದಕ್ಕೂ ಮುಂದಕ್ಕೂ ಸರಿಸುವುದು ಸ್ಮೃತಿ. ನಾಲ್ಕನೆಯದಾದ ಗುಣಕಥನವನ್ನು ಸಹೋದ್ಯೋಗಿಗಳು ಕ್ಯಾಂಟೀನಿನಲ್ಲಿ ಅನುಭವಿಸುತ್ತಾರೆ. ಉದ್ವೇಗ ತಡೆದುಕೊಳ್ಳಬಹುದಾದದ್ದು. ಅಪಾಯಕಾರಿಯಾದದ್ದು ಆರನೆಯ ಪ್ರಲಾಪ, ಏಕೆಂದರೆ ಕೆಲಸ ಬಿಟ್ಟು ಗೋಕರ್ಣದಲ್ಲಿ ಕೆಫೆ ತೆರೆಯುತ್ತೇನೆಂಬ ಮಾತು ಹೊರಬೀಳುವುದು ಆಗಲೇ. ಮನೆಸಾಲದ ಕಂತನ್ನು ಗೋಕರ್ಣದ ಕಾಫಿಯ ಬೆಲೆಯಿಂದ ಭಾಗಿಸಿ ನೋಡುವುದು ಉನ್ಮಾದ. ಬಿಸಿಲಿಗೆ ಸುಟ್ಟ ಹೆಗಲ ಚರ್ಮ ಸುಲಿಯುವುದು ವ್ಯಾಧಿ, ಸೋಮವಾರದ ಮೀಟಿಂಗಿನಲ್ಲಿ ಹೆಸರು ಕರೆದರೂ ಕೇಳಿಸದಿರುವುದು ಜಡತೆ. ಹತ್ತನೆಯದನ್ನು ರಂಗದ ಮೇಲೆ ತೋರಿಸಬಾರದೆಂಬ ಕಟ್ಟುಪಾಡನ್ನು ಇಲ್ಲಿಯೂ ಗೌರವಿಸಲಾಗಿದೆ.

ಆಕ್ಷೇಪಗಳನ್ನು ಈಗ ಎತ್ತಿಕೊಳ್ಳಬಹುದು. ದುಃಖಕ್ಕೆ ಕಾರಣ ಖರ್ಚು ಎಂಬುದೊಂದು. ಇದು ಕಾಲಕ್ರಮದಲ್ಲೇ ಬೀಳುತ್ತದೆ: ವಿಷಾದ ಬರುವುದು ಮರುದಿನ, ಕ್ರೆಡಿಟ್ ಕಾರ್ಡಿನ ಬಿಲ್ಲು ಬರುವುದು ಆಮೇಲೆ. ಕಾರ್ಯ ಮುಂದೆ, ಕಾರಣ ಹಿಂದೆ ಆಗಲಾರದು. ಮನೆಯೂಟ ಸಿಕ್ಕರೆ ಎಲ್ಲ ಸರಿಹೋಗುತ್ತದೆಂಬುದು ಇನ್ನೊಂದು. ಪುಳಿಯೋಗರೆ ಪುಡಿ, ಚಟ್ನಿಪುಡಿ, ಬಿಸಿನೀರು ಹುಯ್ದರೆ ಆಗುವ ಉಪ್ಪಿಟ್ಟಿನ ಪೊಟ್ಟಣ ಇಲ್ಲದೆ ದ್ವೀಪಕ್ಕೆ ಹೊರಟ ಕನ್ನಡ ಕುಟುಂಬವನ್ನು ತೋರಿಸಿದರೆ ಈ ಆಕ್ಷೇಪವನ್ನು ಪರಿಶೀಲಿಸಬಹುದು. ಕೆಲಸವಿಲ್ಲದವರ ಕಾಯಿಲೆ ಎಂಬ ಹಿರಿಯರ ಮಾತಂತೂ ಪೂರ್ತಿ ತಲೆಕೆಳಗು. ಕೆಲಸವಿಲ್ಲದವರಿಗೆ ಇದು ತಗಲುವುದೇ ಇಲ್ಲ, ನಿವೃತ್ತರೇ ಅದಕ್ಕೆ ನಿದರ್ಶನ.

ಆದರೆ ಒಂದು ಆಕ್ಷೇಪವನ್ನು ಹೀಗೆ ತಳ್ಳಿಹಾಕುವಂತಿಲ್ಲ. ಗೃಹಿಣಿಗೆ ಇಎಲ್ ಇಲ್ಲ, ಸಿಎಲ್ ಇಲ್ಲ. ಆದರೂ ಎಲ್ಲರಿಗಿಂತ ಹೆಚ್ಚು ಬಾಡುವವಳು ಅವಳೇ. ಇದು ಸಿದ್ಧಾಂತಕ್ಕೆ ಕುಂದಲ್ಲ, ಪುಷ್ಟಿ. ದ್ವೀಪದ ಹೋಟೆಲಿನಲ್ಲಿ ಕಳೆದ ದಿನಗಳಲ್ಲಿ ನಾಳೆ ತಿಂಡಿ ಏನು ಎಂಬ ಪ್ರಶ್ನೆ ಅವಳ ಕಿವಿಗೆ ಬೀಳಲಿಲ್ಲ. ಮನೆಯ ಬಾಗಿಲು ತೆರೆದು, ಲೈಟು ಹಾಕಿ, ಕುಕ್ಕರ್ ಇಟ್ಟು, ವಾಷಿಂಗ್ ಮೆಷಿನ್ನಿಗೆ ಮೊದಲ ಕಂತಿನ ಬಟ್ಟೆ ತುಂಬುವ ಹೊತ್ತಿಗೆ ಆ ಪ್ರಶ್ನೆ ಮರಳಿ ಬಂದಿರುತ್ತದೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ 20 ದಿನ ದುಡಿದವರಿಗೆ ಒಂದು ದಿನದ ಗಳಿಕೆ ರಜೆ ಕೊಡುತ್ತದೆ. ಅಡುಗೆಮನೆಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಗಂಡನದು ವಿಪ್ರಲಂಭವಾದರೆ ಹೆಂಡತಿಯದು ಕಲಬೆರಕೆಯಿಲ್ಲದ ಕರುಣ. ಒಂದೇ ಸೂಟ್‌ಕೇಸಿನ ಎರಡು ಕಡೆ ಎರಡು ರಸಗಳು ಕುಳಿತಿರುತ್ತವೆ, ಅದನ್ನು ಬಿಚ್ಚುವವಳು ಮಾತ್ರ ಒಬ್ಬಳೇ. ಶಾಸ್ತ್ರಕಾರರೆಲ್ಲ ಗಂಡಸರಾದ್ದರಿಂದಲೋ ಏನೋ, ಇದಕ್ಕೆ ಪರಿಹಾರ ಗ್ರಂಥಗಳಲ್ಲಿ ಸಿಗುವುದಿಲ್ಲ. ತಿಂಡಿಯನ್ನು ಗಂಡನೇ ಮಾಡಿದರೆ ಗ್ರಂಥದ ಅಗತ್ಯವೂ ಬೀಳದು.

ಸೂಕ್ಷ್ಮ ಭೇದಗಳು ಇನ್ನೂ ಇವೆ. ಡಿಸೆಂಬರ್ 31ರ ರಾತ್ರಿ ಉಳಿದ ಸಿಎಲ್‌ಗಳೆಲ್ಲ ರದ್ದಾಗಿ, ಜನವರಿ 1ಕ್ಕೆ ಹೊಸವು ಜಮಾ ಆಗುತ್ತವೆ. ಸತ್ತ ಪ್ರಿಯ ಮತ್ತೆ ಬದುಕಿಬರುವ ಇಂಥ ಸಂದರ್ಭಕ್ಕೆ ಕರುಣವಿಪ್ರಲಂಭವೆಂದು ಹೆಸರು. ನಾಗವರ್ಮನು ಕನ್ನಡಕ್ಕೆ ತಂದ ಕಾದಂಬರಿಯ ಮಹಾಶ್ವೇತೆ ಮತ್ತು ಪುಂಡರೀಕರದು ಇದೇ ಸ್ಥಿತಿ. ಜ್ವರವೆಂದು ಸುಳ್ಳು ಹೇಳಿ ಪಡೆದ ರಜೆ ಪರಕೀಯೆ. ಅದರ ಫೋಟೋ ಹಾಕಬಾರದು. ಕಡಲ ದಂಡೆಯಲ್ಲಿ ಲ್ಯಾಪ್‌ಟಾಪ್ ಬಿಡಿಸಿ ಕೆಲಸ ಮಾಡುವುದು ಶುದ್ಧ ರಸಾಭಾಸ. ಸಂಬಳರಹಿತ ರಜೆಯ ಬಗ್ಗೆ ಭರತ ಮೌನವಾಗಿದ್ದಾನೆ.

ಚಿಕಿತ್ಸೆಯ ವಿಷಯದಲ್ಲಿ ಪ್ರಚಲಿತ ಉಪದೇಶಗಳು ಬಹುಪಾಲು ಅಪಥ್ಯ. ಫೋಟೋ ನೋಡಿ ಎಂದರೆ ರೋಗಿಯನ್ನು ಮೂರನೆಯ ಅವಸ್ಥೆಗೆ ನೂಕಿದಂತೆ, ನಾಲ್ಕು ಜನರಿಗೆ ಹೇಳಿಕೊಳ್ಳಿ ಎಂದರೆ ನಾಲ್ಕನೆಯದಕ್ಕೆ. ಮರಳಿದ ಮೇಲೆ ಸುಧಾರಿಸಿಕೊಳ್ಳಲು ಒಂದು ದಿನ ಹೆಚ್ಚಿಗೆ ರಜೆ ಹಾಕಿ ಎಂಬ ಜನಪ್ರಿಯ ಸಲಹೆ ಎಲ್ಲಕ್ಕಿಂತ ಕೆಟ್ಟದ್ದು: ವಿಪ್ರಲಂಭವನ್ನು ಜೀವಂತ ಇಟ್ಟಿದ್ದ ಆ ಒಂದೇ ದಿನವನ್ನು ಬಟ್ಟೆ ಒಗೆಯುವುದಕ್ಕೆ ಖರ್ಚು ಮಾಡಿ ಕರುಣಕ್ಕೆ ಜಾರಿದಂತಾಯಿತು. ಈ ವಿಷಯದಲ್ಲಿ ಕೇಂದ್ರ ಸರ್ಕಾರ ರಸಜ್ಞವಾಗಿದೆ. ಎಲ್‌ಟಿಸಿಯನ್ನು (ರಜೆ ಪ್ರಯಾಣ ರಿಯಾಯಿತಿ) ನಾಲ್ಕು ನಾಲ್ಕು ವರ್ಷದ ಬ್ಲಾಕುಗಳಾಗಿ ಕಟ್ಟಿ, ಮುಂದಿನ ಮಿಲನದ ಕಾಲವನ್ನು ಎಣಿಸಲು ಬರುವಂತೆ ಮಾಡಿದೆ. ಹುಟ್ಟೂರಿಗೆ ಹೋಗುವ ಸವಲತ್ತನ್ನೇ ಬದಲಿಸಿಕೊಂಡು ಅಂಡಮಾನಿಗೆ ಹೋಗುವ ಅವಕಾಶವನ್ನೂ ಹಲವು ವರ್ಷಗಳಿಂದ ವಿಸ್ತರಿಸುತ್ತ ಬಂದಿದೆ. ಯಕ್ಷನಿಗಿದ್ದಂತೆ ನೌಕರನಿಗೂ ಬೇಕಾದದ್ದು ಒಂದು ದಿನಾಂಕ, ಅಷ್ಟೇ.

ಆದ್ದರಿಂದ ಮೇಲಧಿಕಾರಿಗಳಲ್ಲಿ ಬಿನ್ನಹ. ದ್ವೀಪದಿಂದ ಬಂದವನು ಸೋಮವಾರ ಬೆಳಗ್ಗೆಯೇ ಮುಂದಿನ ರಜೆಗೆ ಅರ್ಜಿ ಕಳಿಸಿದರೆ ಅದನ್ನು ಉದ್ಧಟತನವೆಂದು ತಿಳಿಯಬೇಡಿ. ಮಂಜೂರು ಮಾಡಿದರೆ ಅಂದು ಮಧ್ಯಾಹ್ನದಿಂದಲೇ ಅವನು ಕೆಲಸಕ್ಕೆ ಬರುತ್ತಾನೆ. ತಿರಸ್ಕರಿಸಲೇಬೇಕೆಂದಿದ್ದರೆ ದಯವಿಟ್ಟು ಶುಕ್ರವಾರ ಸಂಜೆಯವರೆಗೆ ತಡೆಯಿರಿ. ಅಷ್ಟು ಹೊತ್ತಿಗೆ ವಾರದ ಕೆಲಸ ಮುಗಿದಿರುತ್ತದೆ.